ಹಳೇ ನ್ಯಾರೋಬೋಟ್ ತಗೊಂಡಿದ್ದೇವೆ, ಇಂಜಿನ್ ಕೆಲಸ ನಾವೇ ಎಷ್ಟು ಮಾಡಿಕೊಳ್ಳಬಹುದು?

ಕಾಲುವೆವಾಸಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿ ಇಟ್ಟುಕೊಂಡಿರುವ ಕನ್ನಡದವರು ಒಂದಿಬ್ಬರಾದರೂ ಇಲ್ಲಿದ್ದಾರೆ ಅಂತ ಹಳೆಯ ಪೋಸ್ಟ್‌ಗಳಿಂದ ಗೊತ್ತಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ನಾನೂ ನನ್ನ ಹೆಂಡತಿಯೂ ಈ ವರ್ಷ 57 ಅಡಿಯ ಸೆಕೆಂಡ್ ಹ್ಯಾಂಡ್ ನ್ಯಾರೋಬೋಟ್ (ಇಲ್ಲಿನ ಕಾಲುವೆಗಳ ಉದ್ದನೆಯ ಕಿರಿದಾದ ದೋಣಿ) ಕೊಂಡೆವು. ಈಗ ಗ್ರ್ಯಾಂಡ್ ಯೂನಿಯನ್ ಕೆನಾಲ್‌ನಲ್ಲಿ, ಬ್ರೌನ್‌ಸ್ಟನ್ ಹತ್ತಿರ ಕಟ್ಟಿದ್ದೇವೆ. ಇಂಜಿನ್ ಬೀಟಾ ಕಂಪನಿಯ 38, ಗೇರ್‌ಬಾಕ್ಸ್ ಪಿಆರ್‌ಎಂ ಕಂಪನಿಯದು. ಹಿಂದಿನ ಮಾಲೀಕರು ಸರ್ವಿಸ್ ಡೈರಿ ಬರೆದಿಟ್ಟಿದ್ದಾರೆ, ಆದರೆ ಕೊನೆಯ ಪುಟಗಳೆಲ್ಲ ಖಾಲಿ. ಬೋಟ್‌ಯಾರ್ಡ್‌ನಲ್ಲಿ ವಿಚಾರಿಸಿದೆ. ಗಂಟೆ ಲೆಕ್ಕದಲ್ಲಿ ಚಾರ್ಜ್ ಮಾಡುತ್ತಾರೆ, ಅದರ ಮೇಲೆ ಪಾರ್ಟ್ಸ್ ಬೇರೆ, ಅದೂ ಅಲ್ಲದೆ ಸರದಿ ಬರುವುದು ಇನ್ನೂ ಎಷ್ಟೋ ವಾರದ ನಂತರ.

ನನಗೆ ಬೈಕ್ ಸರ್ವಿಸ್ ಮಾಡಿ ಅಭ್ಯಾಸ ಇದೆ. ಪಾನಾ ಹಿಡಿಯಲು ಹೆದರಿಕೆ ಇಲ್ಲ. ಆದರೆ ಡೀಸೆಲ್ ಹೊಸದು, ದೋಣಿಯಂತೂ ಪೂರ್ತಿ ಹೊಸದು. ಬೈಕ್ ಕೆಟ್ಟರೆ ನಿಲ್ಲುತ್ತದೆ, ಇದು ಮುಳುಗುತ್ತದೆ, ಅಲ್ವಾ?

ಸದ್ಯಕ್ಕೆ ನನಗೆ ಕಂಡದ್ದು ಇಷ್ಟು. ಹಿಂದುಗಡೆ ಪ್ರೊಪೆಲ್ಲರ್ ಶಾಫ್ಟ್ ಒಳಗೆ ಬರುವ ಜಾಗದಲ್ಲಿ ನೀರು ತೊಟ್ಟಿಕ್ಕುತ್ತದೆ. ಕಾಲುವೆಯಲ್ಲಿ ಇಂಜಿನ್ ಬಿಸಿ ಸರಿಯಾಗಿಯೇ ಇರುತ್ತದೆ. ಆದರೆ ಲೆಸ್ಟರ್ ಕಡೆ ಹೋಗಿ ಸೋರ್ ನದಿಯಲ್ಲಿ ಹರಿವಿಗೆ ಎದುರಾಗಿ ವಾಪಸ್ ಬರುವಾಗ ಟೆಂಪರೇಚರ್ ಮುಳ್ಳು ಏರುತ್ತಲೇ ಹೋಯಿತು, ಥ್ರಾಟಲ್ ಇಳಿಸಿದ ಮೇಲೆ ಇಳಿಯಿತು. ಒಂದು ಆಲ್ಟರ್ನೇಟರ್ ಬೆಲ್ಟಿನ ಕೆಳಗೆ ಕರಿ ಪುಡಿ ಬಿದ್ದಿದೆ. ಮನೆ ಬಳಕೆಯ ಬ್ಯಾಟರಿಗಳು ಬೆಳಿಗ್ಗೆ 12.1 ವೋಲ್ಟ್ ತೋರಿಸುತ್ತವೆ. ಇಂಧನ ಫಿಲ್ಟರ್ ಯಾವಾಗ ಬದಲಿಸಿದ್ದಾರೋ ದೇವರಿಗೇ ಗೊತ್ತು.

ಇದರಲ್ಲಿ ನಾನು ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಹಾಕಬಾರದು? ಮೊದಲು ಯಾವುದು? ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗ್ರೀಸ್‌ಕೈ

ಸ್ವಾಗತ ಸರ್. ಒಳ್ಳೆ ಇಂಜಿನ್ ಸಿಕ್ಕಿದೆ. ಬೀಟಾ ಅಂದರೆ ಒಳಗಿರುವುದು ಕುಬೋಟಾ ಬ್ಲಾಕ್. ನೆಲದ ಮೇಲೆ ಅಗೆಯುವ ಯಂತ್ರಗಳಲ್ಲೂ ಜನರೇಟರ್‌ಗಳಲ್ಲೂ ಅದೇ ಓಡುತ್ತದೆ, ಹಾಗಾಗಿ ಫಿಲ್ಟರ್, ಬೆಲ್ಟ್ ಸಿಗುವುದು ಕಷ್ಟ ಇಲ್ಲ.

ನೀವು ಕೇಳಿದ ಸಾಲಿನಲ್ಲಿ ಮೊದಲು ನೀರು. ಇಂಜಿನ್ ಕೆಟ್ಟರೆ ಗೂಟ ಹೊಡೆದು ದೋಣಿ ಕಟ್ಟಿ ಟೀ ಕುಡಿಯಬಹುದು, ನೀರು ಒಳಗೆ ಬಂದರೆ ಹಾಗಾಗುವುದಿಲ್ಲ. ಹಿಂದುಗಡೆ ನೀರು ಬರಬಹುದಾದ ಜಾಗ ಎರಡು, ಸ್ಟರ್ನ್ ಗ್ಲ್ಯಾಂಡ್ (ನೀವು ಹೇಳಿದ, ಶಾಫ್ಟ್ ಒಳಗೆ ಬರುವ ಜಾಗದ ಸೀಲ್) ಮತ್ತು ವೀಡ್ ಹ್ಯಾಚ್.

ಸ್ಟರ್ನ್ ಗ್ಲ್ಯಾಂಡ್ ನೋಡಿ ಹೆದರಬೇಡಿ. ಊರಲ್ಲಿ ಬೋರ್ ಬರುವ ಮೊದಲು ಬಾವಿ ಪಕ್ಕ ಇರುತ್ತಿದ್ದ ಪಂಪ್‌ಸೆಟ್ ನೆನಪಿದೆಯಾ? ಶಾಫ್ಟ್ ಸುತ್ತ ದಾರ ಸುತ್ತಿ ನಟ್ಟು ಬಿಗಿ ಮಾಡುತ್ತಿದ್ದರು, ಅಲ್ಲಿಂದ ಸ್ವಲ್ಪ ನೀರು ತೊಟ್ಟಿಕ್ಕುತ್ತಿತ್ತು. ಇದೂ ಅದೇ. ಶಾಫ್ಟ್ ತಿರುಗುವಾಗ ಆಗೊಂದು ಈಗೊಂದು ಹನಿ ಬಿದ್ದರೆ ಅದು ಸರಿಯೇ, ಆ ನೀರೇ ಪ್ಯಾಕಿಂಗನ್ನು, ಅಂದರೆ ಸುತ್ತಿದ ದಾರವನ್ನು, ತಂಪಾಗಿಡುತ್ತದೆ. ದೋಣಿ ನಿಂತ ಮೇಲೂ ಹನಿ ಬೀಳುತ್ತಿದ್ದರೆ ಮಾತ್ರ ಕೈ ಹಾಕಬೇಕು.

ಮೊದಲು ಗ್ರೀಸರ್. ಹಿತ್ತಾಳೆಯ ಒಂದು ಡಬ್ಬಿ, ಮೇಲೆ ತಿರುಗಿಸುವ ಹಿಡಿ, ಅಲ್ಲಿಂದ ಪೈಪ್ ಶಾಫ್ಟ್ ಹಾದುಹೋಗುವ ಸ್ಟರ್ನ್ ಟ್ಯೂಬಿಗೆ ಹೋಗಿರುತ್ತದೆ. ದಿನದ ಓಡಾಟ ಮುಗಿದ ಮೇಲೆ, ಇಂಜಿನ್ ಆಫ್ ಮಾಡಿ, ಕೈಗೆ ಬಿಗಿ ಗೊತ್ತಾಗುವ ತನಕ ತಿರುಗಿಸಿ. ಹನಿ ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಬಿಗಿಯೇ ಬರದಿದ್ದರೆ ಒಳಗೆ ಗ್ರೀಸ್ ಖಾಲಿ ಅಂತ ಅರ್ಥ. ನೀರಿಗೆ ಕರಗದ ಸ್ಟರ್ನ್ ಟ್ಯೂಬ್ ಗ್ರೀಸನ್ನೇ ತುಂಬಿಸಿ.

ಗ್ರೀಸ್ ಹಾಕಿದರೂ ನಿಲ್ಲದಿದ್ದರೆ ಗ್ಲ್ಯಾಂಡಿನ ಎರಡು ನಟ್ಟು ಬಿಗಿ ಮಾಡಬೇಕು. ಇಲ್ಲಿ ಅವಸರ ಬೇಡ. ಲಾಕ್‌ನಟ್ ಸಡಿಲಿಸಿ ಈ ಕಡೆ ಸ್ವಲ್ಪ, ಆ ಕಡೆ ಅಷ್ಟೇ, ನಟ್ಟಿನ ಒಂದು ಮುಖದಷ್ಟು ತಿರುಗಿಸಿದರೆ ಸಾಕು. ಎರಡೂ ಕಡೆ ಸಮ ಇರಬೇಕು, ಒಂದು ಕಡೆ ವಾಲಿದರೆ ಶಾಫ್ಟನ್ನು ಉಜ್ಜುತ್ತದೆ. ಆಮೇಲೆ ಸ್ವಲ್ಪ ಹೊತ್ತು ದೋಣಿ ಓಡಿಸಿ, ನಿಲ್ಲಿಸಿ, ಗ್ಲ್ಯಾಂಡ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಜಾಸ್ತಿ ಬಿಗಿ ಆಯಿತು, ಸಡಿಲಿಸಿ. ಶಾಫ್ಟ್ ತಿರುಗುತ್ತಿರುವಾಗ ಮಾತ್ರ ಕೈ, ತೋಳು, ಸ್ಕಾರ್ಫ್ ಯಾವುದೂ ಹತ್ತಿರ ಹೋಗಬಾರದು. ನಟ್ಟು ತಿರುಗಿಸಲು ಜಾಗವೇ ಉಳಿದಿಲ್ಲ ಅಂದರೆ ಪ್ಯಾಕಿಂಗ್ ಸವೆದಿದೆ, ಹೊಸದು ಹಾಕಬೇಕು. ದೋಣಿ ನೀರಿನಲ್ಲಿ ಇರುವಾಗಲೇ ಅದನ್ನು ಮಾಡಬಹುದು. ಆದರೆ ನೀವು ಮೊದಲ ಸಲ ಮಾಡುವಾಗ, ಮುಂಚೆ ಮಾಡಿ ಗೊತ್ತಿರುವವರೊಬ್ಬರು ಪಕ್ಕದಲ್ಲಿ ಇರಲಿ.

ಇನ್ನು ವೀಡ್ ಹ್ಯಾಚ್. ಪ್ರೊಪೆಲ್ಲರ್ ಮೇಲೆ ಇರುವ ಮುಚ್ಚಳ. ಹಗ್ಗ, ಪ್ಲಾಸ್ಟಿಕ್, ತಂತಿ, ಹಳೆ ಬಟ್ಟೆ ಸಿಕ್ಕಿಕೊಂಡರೆ ಇಲ್ಲಿಂದ ಕೈ ಹಾಕಿ ಬಿಡಿಸುವುದು. ಬರ್ಮಿಂಗ್‌ಹ್ಯಾಮ್ ಕಡೆ ನನ್ನ ಪ್ರೊಪೆಲ್ಲರಿಗೆ ಒಂದು ಸೀರೆಯೇ ಸುತ್ತಿಕೊಂಡಿತ್ತು, ಜರಿ ಸಮೇತ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಮುಚ್ಚಳ ತೆಗೆಯಿರಿ. ಗ್ಲೌಸ್ ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕಾಲುವೆ ನೀರಿನಿಂದ ಇಲಿ ಜ್ವರ ಬರಬಹುದು, ಕೈಯಲ್ಲಿ ಗಾಯ ಇದ್ದರಂತೂ ಇನ್ನೂ ಜಾಗ್ರತೆ. ಎಲ್ಲಕ್ಕಿಂತ ಮುಖ್ಯ, ಮುಚ್ಚಳ ವಾಪಸ್ ಸರಿಯಾಗಿ ಕೂರಬೇಕು. ರಬ್ಬರ್ ಸೀಲ್ ಹರಿದಿದೆಯಾ ನೋಡಿ, ಕ್ಲ್ಯಾಂಪ್ ಬಿಗಿ ಮಾಡಿ, ಆಮೇಲೆ ಗೇರ್ ಹಾಕಿ ಸ್ವಲ್ಪ ಜೋರಾಗಿ ಓಡಿಸಿ ಒಳಗೆ ನೀರು ಚಿಮ್ಮುತ್ತದೆಯಾ ನೋಡಿ. ಮುಚ್ಚಳ ಸಡಿಲ ಇಟ್ಟು ಹೊರಟರೆ ಪ್ರೊಪೆಲ್ಲರೇ ನೀರನ್ನು ಇಂಜಿನ್ ರೂಮಿಗೆ ಎತ್ತಿ ಸುರಿಯುತ್ತದೆ. ನಿಮಿಷಗಳ ಕೆಲಸ ಅದು.

ಟಿಲ್ಲರ್ ಅಕ್ಕ

ಗ್ರೀಸ್‌ಕೈ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನಾನು ಡೀಸೆಲ್ ವಿಷಯ ಹೇಳುತ್ತೇನೆ. ನೋಡಿದ ಮಟ್ಟಿಗೆ ಕಾಲುವೆಯಲ್ಲಿ ನಿಂತುಹೋಗುವ ಇಂಜಿನ್‌ಗಳಲ್ಲಿ ಇಂಜಿನ್ ಕೆಟ್ಟಿರುವುದು ಕಡಿಮೆ, ಡೀಸೆಲ್ ಕೊಳಕಾಗಿರುವುದೇ ಜಾಸ್ತಿ.

ದೋಣಿಯ ಡೀಸೆಲ್ ಟ್ಯಾಂಕಿಗೆ ನೀರು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ಚಳಿಗೆ ಇಬ್ಬನಿ ಕಟ್ಟುವುದು. ಚಳಿಗಾಲಕ್ಕೆ ಮುಂಚೆ ಟ್ಯಾಂಕ್ ತುಂಬಿಸಿ ಇಡಿ ಅನ್ನುವುದು ಅದಕ್ಕೇ. ಇನ್ನೊಂದನ್ನು ಜನ ಮರೆಯುತ್ತಾರೆ. ಡೆಕ್ ಮಟ್ಟದಲ್ಲೇ ಇರುವ ಫಿಲ್ಲರ್ ಮುಚ್ಚಳ. ಅದರ ಓ ರಿಂಗ್ ಒಣಗಿ ಬಿರುಕು ಬಿಟ್ಟಿದ್ದರೆ ಮಳೆ ನೀರು ನೇರ ಟ್ಯಾಂಕಿಗೆ. ಇವತ್ತೇ ಅದನ್ನು ತೆಗೆದು ನೋಡಿ.

ನೀರು ಕೆಳಗೆ ಕೂರುತ್ತದೆ, ಡೀಸೆಲ್ ಮೇಲೆ. ಎರಡೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕರಿ ಲೋಳೆ ಆಗುತ್ತದೆ. ಇದಕ್ಕೇ ಇಲ್ಲಿ ಡೀಸೆಲ್ ಬಗ್ ಅನ್ನುತ್ತಾರೆ. ಶಾಂತ ಕಾಲುವೆಯಲ್ಲಿ ಅದು ತಳದಲ್ಲಿ ಸುಮ್ನೆ ಬಿದ್ದಿರುತ್ತದೆ. ನದಿಗೆ ಹೋಗಿ ದೋಣಿ ಅಲುಗಾಡಿದಾಗ ಎದ್ದು ಫಿಲ್ಟರಿಗೆ ಬರುತ್ತದೆ, ಅಂದರೆ ಎಲ್ಲಿ ಇಂಜಿನ್ ನಿಲ್ಲಬಾರದೋ ಸರಿಯಾಗಿ ಅಲ್ಲೇ ನಿಲ್ಲುತ್ತದೆ. ನೀವು ಸೋರ್ ನದಿಗೆ ಇಳಿದಿದ್ದೀರಿ, ಏನೂ ಆಗದಿದ್ದದ್ದು ಪುಣ್ಯ. ನದಿಗೆ ಇಳಿಯುವ ಮೊದಲು ಆಂಕರ್ ಕೈಗೆ ಸಿಗುವ ಹಾಗೆ, ಸರಪಳಿ ಹಗ್ಗ ಎಲ್ಲ ದೋಣಿಗೆ ಕಟ್ಟಿಯೇ ಇಟ್ಟಿರಬೇಕು.

ನೀರು ಬೇರ್ಪಡಿಸುವ ಫಿಲ್ಟರ್ ಇದ್ದರೆ ಅದರ ತಳದಲ್ಲಿ ಸಣ್ಣ ತಿರುಪು ಇರುತ್ತದೆ. ಕೆಳಗೆ ಗಾಜಿನ ಜಾಡಿ ಹಿಡಿದು ಸ್ವಲ್ಪ ಬಿಡಿ, ಹತ್ತು ನಿಮಿಷ ಹಾಗೇ ಇಡಿ. ಸ್ವಚ್ಛ ಡೀಸೆಲ್ ಒಂದೇ ಬಣ್ಣದಲ್ಲಿ ನಿಲ್ಲುತ್ತದೆ. ನೀರಿದ್ದರೆ ತಳದಲ್ಲಿ ಬೇರೆ ಪದರ ಕಾಣುತ್ತದೆ. ನೀರು ಜಾಸ್ತಿ ಇದ್ದರೆ ಟ್ಯಾಂಕಿನ ತಳದ ತನಕ ಟ್ಯೂಬ್ ಇಳಿಸಿ ಕೈ ಪಂಪಿನಲ್ಲಿ ತೆಗೆಯಿರಿ, ಆಮೇಲೆ ಸೂಕ್ಷ್ಮಜೀವಿ ಕೊಲ್ಲುವ ಔಷಧಿ ಹಾಕಿ. ನೀರು ತೆಗೆಯದೆ ಬರೀ ಔಷಧಿ ಸುರಿದರೆ ದುಡ್ಡು ದಂಡ.

ಫಿಲ್ಟರ್ ಬದಲಿಸುವುದು ಸುಲಭ. ಬದಲಿಸಿದ ಮೇಲೆ ಏರ್ ತೆಗೆಯುವುದನ್ನು ಕಲಿಯಬೇಕು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಪಕ್ಕ ಸಣ್ಣ ಲಿವರ್ ಇದ್ದರೆ ಅದನ್ನು ಒತ್ತುತ್ತಾ, ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಬಿಡಿ. ಆಮೇಲೆ ಇಂಜೆಕ್ಷನ್ ಪಂಪಿನ ಹತ್ತಿರ ಅದೇ ಕೆಲಸ. ಲಿವರ್ ಒತ್ತಿದರೂ ಏನೂ ಆಗದಿದ್ದರೆ ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ, ಒಳಗಿನ ಕ್ಯಾಮ್ ಎತ್ತರದ ಜಾಗದಲ್ಲಿ ನಿಂತಿರುತ್ತದೆ, ಇಂಜಿನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ. ನಿಮ್ಮ ಕುಬೋಟಾ ಬಹುಪಾಲು ತಾನೇ ಏರ್ ಹೊರಹಾಕುತ್ತದೆ, ಹಳೇ ಬಿಎಂಸಿ ಇಂಜಿನ್ ಇರುವವರಷ್ಟು ಒದ್ದಾಡಬೇಕಿಲ್ಲ. ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುವ ಹಂತ ಬಂದರೆ ಬೆರಳನ್ನು ದೂರ ಇಡಿ. ಅಲ್ಲಿನ ಒತ್ತಡದಲ್ಲಿ ಡೀಸೆಲ್ ಚರ್ಮದೊಳಗೇ ಹೋಗುತ್ತದೆ, ಹೋದರೆ ಆಸ್ಪತ್ರೆಯೇ ಗತಿ.

ಒಂದು ಹೆಚ್ಚುವರಿ ಫಿಲ್ಟರ್ ಸೆಟ್, ಒಂದೊಂದು ಬೆಲ್ಟ್, ಒಂದು ಥ್ರಾಟಲ್ ಕೇಬಲ್ ಯಾವಾಗಲೂ ದೋಣಿಯಲ್ಲಿರಲಿ.

ಗ್ಯಾಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದಕ್ಕೆ ಕೈ ಹಾಕಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನ ಕೆಳಗಿನಿಂದ ಹೋಗಬಹುದು, ದೋಣಿಯಲ್ಲಿ ಬಿಲ್ಜ್‌ಗೆ, ಅಂದರೆ ಒಳಗಿನ ತಳಕ್ಕೆ, ಇಳಿದು ಕೂರುತ್ತದೆ. ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವ, ಅದರಲ್ಲೂ ದೋಣಿಯ ಎಲ್‌ಪಿಜಿ ಮಾಡಲು ಅರ್ಹತೆ ಇರುವವರನ್ನೇ ಕರೆಸಿ. ನೀವು ಮಾಡಬಹುದಾದದ್ದು ಕಾರ್ಬನ್ ಮಾನಾಕ್ಸೈಡ್ ಅಲಾರಮ್‌ನ ಬಟನ್ ಒತ್ತಿ ನೋಡುವುದು. 2019ರ ಏಪ್ರಿಲ್‌ನಿಂದ ಬೋಟ್ ಸೇಫ್ಟಿ ಸ್ಕೀಮ್‌ನಲ್ಲಿ ಅದು ಕಡ್ಡಾಯ. ನಿಮ್ಮ ಸೇಫ್ಟಿ ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ ಅಂತಲೂ ನೋಡಿಕೊಳ್ಳಿ, ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು, ಅದಿಲ್ಲದೆ ಲೈಸೆನ್ಸ್ ಸಿಗುವುದಿಲ್ಲ.

ಬಿಎಂಸಿ ಹಳಬ

ಅಕ್ಕ, ನಮ್ಮ ಬಿಎಂಸಿಯನ್ನು ಹೀಗೆ ಆಡಿಕೊಳ್ಳುವುದು ನ್ಯಾಯವಾ ಮಾರಾಯ್ರೆ? ಏರ್ ತೆಗೆಯಲು ಗೊತ್ತಿದ್ದವನಿಗೆ ಅದು ಯಾವತ್ತೂ ಕೈ ಕೊಡುವುದಿಲ್ಲ. ಎಣ್ಣೆ ಸೋರುತ್ತದೆ, ಒಪ್ಪುತ್ತೇನೆ. ಎಣ್ಣೆ ಸೋರುವುದು ನಿಂತರೆ ಒಳಗೆ ಎಣ್ಣೆ ಇಲ್ಲ ಅಂತ ಅರ್ಥ.

ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ಬೀಟಾದಲ್ಲಿ 250 ಗಂಟೆಗೆ ಒಮ್ಮೆ ಅಂತಿದೆ, ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಡೈರಿ ಖಾಲಿ ಇದೆ ಅಂದಿರಲ್ಲ, ಹಾಗಾದರೆ ಗಂಟೆ ಲೆಕ್ಕ ಹಾಕುತ್ತಾ ಕೂರಬೇಡಿ, ಈಗಲೇ ಬದಲಿಸಿ ಅಲ್ಲಿಂದ ಹೊಸ ಲೆಕ್ಕ ಶುರು ಮಾಡಿ. ದೋಣಿಯಲ್ಲಿ ಇಂಜಿನ್ ಕೆಳಗೆ ನುಗ್ಗಿ ಡ್ರೈನ್ ಪ್ಲಗ್ ತೆಗೆಯಲು ಜಾಗ ಇರುವುದಿಲ್ಲ. ಅದಕ್ಕೇ ಇಂಜಿನ್ ಮೇಲೆ ಹಿತ್ತಾಳೆಯ ಕೈ ಪಂಪ್ ಕೂರಿಸಿರುತ್ತಾರೆ. ಇಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಪಂಪ್ ಮಾಡಿ. ತಣ್ಣಗಿದ್ದಾಗ ಮಾಡಿದರೆ ತೋಳು ಬಿದ್ದುಹೋಗುತ್ತದೆ.

ತುಂಬಾ ದುಬಾರಿ ಸಿಂಥೆಟಿಕ್ ಆಯಿಲ್ ಇದಕ್ಕೆ ಬೇಡ. ಕಾಲುವೆಯ ಇಂಜಿನ್ ನಿಧಾನಕ್ಕೆ, ಭಾರವಿಲ್ಲದೆ ಓಡುವಂಥದ್ದು. ಮ್ಯಾನುಯಲ್‌ನಲ್ಲಿ ಹೇಳಿದ 15ಡಬ್ಲ್ಯೂ40 ಹಾಕಿ. ಗೇರ್‌ಬಾಕ್ಸಿಗೂ ಪಿಆರ್‌ಎಂ 150 ತರಹದ್ದಾದರೆ ಇಂಜಿನ್ ಆಯಿಲ್ಲೇ, ಆದರೆ ಬೇರೆ ಕೆಲವು ಗೇರ್‌ಬಾಕ್ಸ್‌ಗಳಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಹಾಕುತ್ತಾರೆ, ಅದಕ್ಕೇ ಪ್ಲೇಟ್ ಮೇಲಿನ ಮಾಡೆಲ್ ನಂಬರ್ ಓದಿ ಆಮೇಲೆ ಡಬ್ಬಿ ತೆರೆಯಿರಿ.

ಹಳೆ ಆಯಿಲ್ ಕೌನ್ಸಿಲ್‌ನ ರೀಸೈಕ್ಲಿಂಗ್ ಸೆಂಟರಿಗೆ. ಇಂಜಿನ್ ಕೆಳಗಿನ ಟ್ರೇಯಲ್ಲಿ ಎಣ್ಣೆ ನಿಂತಿದ್ದರೆ ಅದು ಬಿಲ್ಜ್ ಪಂಪಿನ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಎಣ್ಣೆ ನೀರನ್ನು ಕಾಲುವೆಗೆ ಪಂಪ್ ಮಾಡುವುದು ಅಪರಾಧ, ಬಾತುಕೋಳಿಗಳಿಗೂ ಪಾಪ. ಟ್ರೇ ಒರೆಸಿ ಒಣಗಿಸಿ, ಬಿಳಿ ಡೈಪರ್ ಹಾಸಿ. ನಗಬೇಡಿ, ಕಾಲುವೆಯಲ್ಲಿ ಎಲ್ಲರೂ ಮಾಡುವುದೇ. ಮಾರನೇ ದಿನ ಕಲೆ ಎಲ್ಲಿ ಬಿದ್ದಿದೆ ಅಂತ ನೋಡಿದರೆ ಸೋರುವ ಜಾಗ ಗೊತ್ತಾಗುತ್ತದೆ, ಕೆಂಪೋ ನೀಲಿಯೋ ಇದ್ದರೆ ಕೂಲೆಂಟ್, ಕಪ್ಪಗಿದ್ದರೆ ಆಯಿಲ್.

ಗ್ರೀಸ್‌ಕೈ

ಬಿಸಿಯಾಗುವ ವಿಷಯಕ್ಕೆ ಬರುತ್ತೇನೆ. ಕಾಲುವೆಯಲ್ಲಿ ಸರಿ, ನದಿಯಲ್ಲಿ ಬಿಸಿ. ಇದು ತುಂಬಾ ಜನರಿಗೆ ಆಗುತ್ತದೆ.

ನಿಮ್ಮ ಇಂಜಿನ್ ಕಾಲುವೆಯ ನೀರನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ದೋಣಿಯ ಪಕ್ಕದ ಉಕ್ಕಿನ ತಗಡಿಗೆ ಒಳಗಿನಿಂದ ಒಂದು ಚಪ್ಪಟೆ ಟ್ಯಾಂಕ್ ವೆಲ್ಡ್ ಮಾಡಿರುತ್ತಾರೆ, ಅದೇ ಸ್ಕಿನ್ ಟ್ಯಾಂಕ್. ಕೂಲೆಂಟ್ ಅದರೊಳಗೆ ಸುತ್ತುತ್ತದೆ, ಆಚೆ ಕಡೆ ಕಾಲುವೆ ನೀರು ತಣ್ಣಗೆ ಮಾಡುತ್ತದೆ. ರೇಡಿಯೇಟರ್ ಕೆಲಸ ದೋಣಿಯ ಮೈಯೇ ಮಾಡುತ್ತದೆ. ಕಾಲುವೆಯಲ್ಲಿ ಗಂಟೆಗೆ 4 ಮೈಲಿ ಮಿತಿ, ಅದಕ್ಕಿಂತ ನಿಧಾನವಾಗಿಯೇ ಹೋಗುತ್ತೀರಿ, ಇಂಜಿನಿಗೆ ಬೆವರೇ ಬರುವುದಿಲ್ಲ. ನದಿಯಲ್ಲಿ ಹರಿವಿಗೆ ಎದುರು ಹೋಗಲು ಥ್ರಾಟಲ್ ಏರಿಸಿದಾಗ ನಿಜವಾದ ಶಾಖ ಹುಟ್ಟುತ್ತದೆ. ಆಗ ಟ್ಯಾಂಕಿನ ಕೊರತೆ ಗೊತ್ತಾಗುತ್ತದೆ.

ಮೊದಲು ಏರ್ ನೋಡಿ. ಟ್ಯಾಂಕಿನ ಮೇಲ್ಭಾಗದಲ್ಲಿ ಗಾಳಿ ನಿಂತಿದ್ದರೆ ಅಷ್ಟು ಭಾಗ ಇಲ್ಲದ ಲೆಕ್ಕ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ಟ್ಯಾಂಕನ್ನು ಮೇಲಿನಿಂದ ಕೆಳಗೆ ಕೈಯಿಂದ ಸವರಿ. ಮೇಲೆ ಬಿಸಿ ಕೆಳಗೆ ತಂಪು ಇರಬೇಕು. ಮೇಲಿನ ಅಂಚೇ ತಣ್ಣಗಿದ್ದರೆ ಅಲ್ಲಿ ಗಾಳಿ ಇದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನ ಮೇಲಿರುವ ಬ್ಲೀಡ್ ತಿರುಪು ಸಡಿಲಿಸಿ, ಗಾಳಿ ಹೋಗಿ ಕೂಲೆಂಟ್ ಬರುವ ತನಕ ಬಿಡಿ, ಕೂಲೆಂಟ್ ಹಾಕುವ ಹೆಡರ್ ಟ್ಯಾಂಕಿಗೆ ಮತ್ತೆ ತುಂಬಿಸಿ. ಬಿಸಿ ಇರುವಾಗ ಮುಚ್ಚಳಕ್ಕೂ ತಿರುಪಿಗೂ ಕೈ ಹಾಕಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಗಾಳಿ ಇಲ್ಲದಿದ್ದರೆ ಪ್ರೊಪೆಲ್ಲರ್ ನೋಡಿ. ಅದಕ್ಕೆ ಏನಾದರೂ ಸುತ್ತಿಕೊಂಡಿದ್ದರೂ ಇಂಜಿನ್ ಒದ್ದಾಡಿ ಬಿಸಿಯಾಗುತ್ತದೆ, ಹೊಗೆಯೂ ಕಪ್ಪಗೆ ಬರುತ್ತದೆ. ಆಮೇಲೆ ಬೆಲ್ಟ್, ಯಾಕೆಂದರೆ ವಾಟರ್ ಪಂಪ್ ಓಡಿಸುವುದು ಅದೇ. ಆಮೇಲೆ ಥರ್ಮೋಸ್ಟಾಟ್, ಬಿಸಿನೀರಿನ ಪಾತ್ರೆಗೆ ಹಾಕಿದರೆ ತೆರೆಯುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಎಲ್ಲ ಸರಿ ಇದ್ದೂ ಬಿಸಿಯಾದರೆ ಟ್ಯಾಂಕೇ ಚಿಕ್ಕದು. ದೋಣಿ ಕಟ್ಟುವವರು ಬಳಸುವ ಅಂದಾಜು, ನಾಲ್ಕು ಎಚ್‌ಪಿಗೆ ಒಂದು ಚದರ ಅಡಿ. 38ಕ್ಕೆ ಸುಮಾರು ಒಂಬತ್ತೂವರೆ ಚದರ ಅಡಿ. ಕಾಲುವೆ ನೀರಿಗೆ ತಾಗುವ ಮುಖ ಮಾತ್ರ ಅಳೆಯಿರಿ. ಚಿಕ್ಕದಿದ್ದರೆ ದೊಡ್ಡದು ಮಾಡಿಸುವುದು ವೆಲ್ಡರ್ ಕೆಲಸ, ದೋಣಿ ನೀರಿನಿಂದ ಮೇಲೆತ್ತಬೇಕು. ತುಕ್ಕು ತಡೆಯಲು ತಳಕ್ಕೆ ಕರಿ ಬಳಿಯಲು ಹೇಗೂ ಎರಡು ಮೂರು ವರ್ಷಕ್ಕೊಮ್ಮೆ ಎತ್ತುತ್ತೀರಲ್ಲ, ಆಗ ಮಾಡಿಸಿ. ಅಲ್ಲಿಯವರೆಗೆ ನದಿಯಲ್ಲಿ ಮುಳ್ಳು ನೋಡಿಕೊಂಡು ನಿಧಾನವಾಗಿ ಹೋದರಾಯಿತು, ಮಳೆ ಬಂದು ನದಿ ತುಂಬಿ ಹರಿಯುವಾಗ ಹೋಗದಿದ್ದರಾಯಿತು.

ಕೂಲೆಂಟ್ ತುಂಬಿಸುವಾಗ ಒಳಗೆ ಯಾವುದಿದೆಯೋ ಅದೇ ಜಾತಿಯದನ್ನು ಹಾಕಿ. ನೀಲಿ, ಕೆಂಪು ಅಂತ ಬಣ್ಣ ನೋಡಿ ಬೆರೆಸಬೇಡಿ. ಗೊತ್ತಾಗದಿದ್ದರೆ ಪೂರ್ತಿ ತೆಗೆದು ಹೊಸದು ತುಂಬಿ. ಹಳೆಯ ಮಾದರಿಯದು ಎರಡು ವರ್ಷ, ಓಎಟಿ ಅನ್ನುವ ಹೊಸ ಮಾದರಿಯದು ಐದು ವರ್ಷ ಬರುತ್ತದೆ.

ವೋಲ್ಟ್‌ಮೀಟರ್

ಬೆಲ್ಟಿನ ಪುಡಿಯೂ ಬೆಳಗಿನ 12.1 ವೋಲ್ಟೂ ಒಂದೇ ಕಥೆ ಇರಬಹುದು.

ಕರಿ ಪುಡಿ ಅಂದರೆ ಬೆಲ್ಟ್ ಜಾರುತ್ತಿದೆ, ಇಲ್ಲವೇ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲ. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ, ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿ ಹಿಡಿದು ನೋಡಿ, ಸಂದು ಕಾಣಬಾರದು. ಬ್ರ್ಯಾಕೆಟ್ ಬೋಲ್ಟ್ ಸಡಿಲಾಗಿದ್ದರೂ ಹೀಗಾಗುತ್ತದೆ. ಕೈ ಹಾಕುವ ಮೊದಲು ಬ್ಯಾಟರಿ ಐಸೊಲೇಟರ್ (ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ, ಆಲ್ಟರ್ನೇಟರಿನ ದಪ್ಪ ವೈರಿನಲ್ಲಿ ಇಂಜಿನ್ ನಿಂತಿದ್ದರೂ ಕರೆಂಟ್ ಇರುತ್ತದೆ. ಆದರೆ ಇಂಜಿನ್ ಓಡುವಾಗ ಮಾತ್ರ ಐಸೊಲೇಟರ್ ಮುಟ್ಟಬೇಡಿ, ಆಲ್ಟರ್ನೇಟರಿನ ಡಯೋಡ್ ಸುಟ್ಟುಹೋಗುತ್ತವೆ.

ಇನ್ನು 12.1. ಸೀಸದ ಬ್ಯಾಟರಿ ಪೂರ್ತಿ ತುಂಬಿ, ಲೋಡ್ ಇಲ್ಲದೆ ಕೆಲವು ಗಂಟೆ ಸುಮ್ಮನಿದ್ದರೆ 12.7 ಹತ್ತಿರ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಫ್ರಿಡ್ಜ್ ಓಡುತ್ತಿರುವಾಗ ನೋಡಿದರೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಹಾಗಾಗಿ ಎಲ್ಲ ಆಫ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ 12.1 ಇದ್ದರೆ, ದಿನಾ ಅಷ್ಟು ಇಳಿಸುತ್ತಾ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ.

ಇಲ್ಲಿ ಜನ ಮಾಡುವುದೇನು? ಸಂಜೆ ಒಂದು ಗಂಟೆ ಇಂಜಿನ್ ಓಡಿಸಿ ಸಾಕು ಅನ್ನುತ್ತಾರೆ. ಸೀಸದ ಬ್ಯಾಟರಿ ಮೊದಲು ಬೇಗ ತುಂಬಿಕೊಳ್ಳುತ್ತದೆ, ಕೊನೆಯ ಐದನೇ ಒಂದು ಭಾಗಕ್ಕೆ ಗಂಟೆಗಟ್ಟಲೆ ಬೇಕು. ಆ ಕೊನೆಯ ಭಾಗ ಯಾವತ್ತೂ ತುಂಬದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹಾಗಂತ ಕಟ್ಟಿದ ದೋಣಿಯಲ್ಲಿ ಇಂಜಿನನ್ನು ದಿನವಿಡೀ ಐಡಲ್‌ನಲ್ಲಿ ಬಿಟ್ಟರೆ ಸಿಲಿಂಡರಿನ ಗೋಡೆ ಕನ್ನಡಿಯಂತೆ ನುಣುಪಾಗಿ ಆಯಿಲ್ ತಿನ್ನಲು ಶುರು ಮಾಡುತ್ತದೆ. ಚಾರ್ಜ್ ಮಾಡುವಾಗ 1200 ಆರ್‌ಪಿಎಂ ಆಸುಪಾಸು ಇಡಿ. ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಪಕ್ಕದಲ್ಲಿ ದೋಣಿಗಳಿದ್ದರೆ ಇಂಜಿನ್ ಓಡಿಸುವಂತಿಲ್ಲ, ಗೊತ್ತಿರಬಹುದು. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿದರೆ ಆ ಕೊನೆಯ ಭಾಗವನ್ನು ಬಿಸಿಲೇ ತುಂಬಿಸುತ್ತದೆ, ಬೇಸಿಗೆಯಲ್ಲಿ ಮಾತ್ರ. ಡಿಸೆಂಬರ್‌ನಲ್ಲಿ ಇಲ್ಲಿನ ಬಿಸಿಲನ್ನು ನಂಬಬೇಡಿ.

ಚಾರ್ಜ್ ಆಗುವಾಗ ಬ್ಯಾಟರಿ ತುದಿಯಲ್ಲೇ ಮೀಟರ್ ಇಟ್ಟು ನೋಡಿ, ಏರುತ್ತಾ 14.4ರ ಸುತ್ತಮುತ್ತ ಬರಬೇಕು. ಮುಚ್ಚಳ ತೆರೆಯುವ ಬ್ಯಾಟರಿಗಳಾದರೆ ಡಿಅಯೊನೈಸ್ಡ್ ನೀರು ಮಾತ್ರ ಹಾಕಿ.

ಯಾರಾದರೂ ಲಿಥಿಯಂ ಹಾಕಿಸಿ ಅಂದರೆ ಅವಸರ ಮಾಡಬೇಡಿ. ಅದು ಆಲ್ಟರ್ನೇಟರಿನಿಂದ ಸಿಕ್ಕಷ್ಟೂ ಎಳೆದುಕೊಳ್ಳುತ್ತದೆ, ಐಡಲ್‌ನಲ್ಲಿ ಆಲ್ಟರ್ನೇಟರ್ ಫ್ಯಾನ್ ನಿಧಾನ, ಕೊನೆಗೆ ಸುಡುವುದು ಆಲ್ಟರ್ನೇಟರ್. ನಡುವೆ ಡಿಸಿ ಟು ಡಿಸಿ ಚಾರ್ಜರ್ ಬೇಕಾಗುತ್ತದೆ.

ಕಾಲುವೆವಾಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಪ್ರಿಂಟ್ ತೆಗೆದು ಇಂಜಿನ್ ಮುಚ್ಚುವ ಹಲಗೆಯ ಒಳಬದಿಗೆ ಅಂಟಿಸಿದ್ದೇನೆ. ಹೆಂಡತಿ ಟಾರ್ಚ್ ಹಿಡಿದಳು, ನಾನು ಒಳಗೆ ಇಳಿದೆ.

ಸ್ಕಿನ್ ಟ್ಯಾಂಕಿನ ತಿರುಪು ಬಿಚ್ಚಿದರೆ ಉಸ್ ಅಂತ ಗಾಳಿ ಬರುತ್ತಲೇ ಇತ್ತು. ಹೆಡರ್ ಟ್ಯಾಂಕ್ ಖಾಲಿ ಆಗುವಷ್ಟು ಕೂಲೆಂಟ್ ಕುಡಿಯಿತು. ಅಳತೆಯನ್ನೂ ತೆಗೆದೆ, ಟ್ಯಾಂಕಿನ ಮುಖ ಹತ್ತು ಚದರ ಅಡಿಗಿಂತ ಸ್ವಲ್ಪ ಜಾಸ್ತಿಯೇ ಇದೆ. ಹಾಗಾಗಿ ಗಾಳಿಯೇ ಕಾರಣ ಇರಬೇಕು, ಮುಂದಿನ ಸಲ ನದಿಗೆ ಇಳಿದಾಗ ಗೊತ್ತಾಗುತ್ತದೆ. ಫಿಲ್ಲರ್ ಮುಚ್ಚಳದ ಓ ರಿಂಗ್ ಎರಡು ತುಂಡಾಗಿತ್ತು ಅಕ್ಕ, ಜಾಡಿಯಲ್ಲಿ ತಳಕ್ಕೆ ಬೆರಳಗಲ ನೀರು. ಕರಿ ಲೋಳೆ ಕಾಣಲಿಲ್ಲ. ಟ್ಯಾಂಕಿನ ತಳದಿಂದ ಪಂಪ್ ಮಾಡಿ ತೆಗೆದೆ, ಫಿಲ್ಟರ್ ಬದಲಿಸಿದೆ, ಲಿವರ್ ಒತ್ತಿದೆ, ಇಂಜಿನ್ ಸ್ವಲ್ಪ ಕೆಮ್ಮಿ ಹಿಡಿದುಕೊಂಡಿತು.

ಆಲ್ಟರ್ನೇಟರ್ ಬ್ರ್ಯಾಕೆಟ್ ಬೋಲ್ಟ್ ಸಡಿಲಾಗಿತ್ತು, ವೋಲ್ಟ್‌ಮೀಟರ್ ಸರ್ ಹೇಳಿದ ಹಾಗೆಯೇ. ಸರಿ ಮಾಡಿದ ಮೇಲೆ ಬ್ಯಾಟರಿ ತುದಿಯಲ್ಲಿ 14.3 ಬರುತ್ತಿದೆ. ಸೋಲಾರ್ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯುತ್ತಿದೆ, ಚಾವಣಿಯ ಮೇಲೆ ಹೂಕುಂಡ ಇಡಬೇಕು ಅಂತ ಅವಳ ವಾದ.

ಉಳಿದಿರುವುದು ಗ್ಲ್ಯಾಂಡ್. ಗ್ರೀಸ್ ತುಂಬಿ ಬಿಗಿ ಮಾಡಿದ ಮೇಲೂ ನಿಧಾನಕ್ಕೆ ಹನಿ ಇದೆ, ನಟ್ಟಿನಲ್ಲಿ ಇನ್ನು ಜಾಗವೇ ಇಲ್ಲ. ಪಕ್ಕದ ದೋಣಿಯ ಹಿರಿಯರು ಜೊತೆಗೆ ನಿಲ್ಲುತ್ತೇನೆ ಅಂದಿದ್ದಾರೆ. ಅಂಗಡಿಯಲ್ಲಿ ಪ್ಯಾಕಿಂಗ್ ಎಷ್ಟು ಸೈಜ್ ಅಂತ ಕೇಳುತ್ತಾರೆ. ಹಳೆಯದನ್ನು ತೆಗೆಯದೆ ಹೇಗೆ ಹೇಳಲಿ?

ಗ್ರೀಸ್‌ಕೈ

ಮುಂಚೆ ಹೊಸದು ಕೈಯಲ್ಲಿರಲಿ, ಆಮೇಲೆ ಹಳೆಯದನ್ನು ತೆಗೆಯಿರಿ. ಸೈಜ್ ಲೆಕ್ಕ ಹೀಗೆ. ಪ್ಯಾಕಿಂಗನ್ನು ಒತ್ತುವ ಕೊಳವೆ (ಸ್ಲೀವ್) ಇದೆಯಲ್ಲ, ಗ್ಲ್ಯಾಂಡ್ ಬಾಡಿಯೊಳಗೆ ಹೋಗುವ ಅದರ ಭಾಗದ ಹೊರ ವ್ಯಾಸದ ಅಳತೆ ತೆಗೆಯಿರಿ, ಪ್ಯಾಕಿಂಗ್ ಕೂರುವ ಗುಳಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಿಂದ ಶಾಫ್ಟಿನ ಅಳತೆ ಕಳೆದು ಅರ್ಧ ಮಾಡಿ. ಶಾಫ್ಟ್ ಒಂದೂವರೆ ಇಂಚು, ಗುಳಿ ಎರಡು ಇಂಚು ಅಂದರೆ ಕಾಲಿಂಚಿನ ಪ್ಯಾಕಿಂಗ್. ಅನುಮಾನ ಇದ್ದರೆ ಅದರ ಅಕ್ಕಪಕ್ಕದ ಸೈಜೂ ತನ್ನಿ, ತುಂಡು ಲೆಕ್ಕದಲ್ಲಿ ಜಾಸ್ತಿ ದುಡ್ಡಾಗುವುದಿಲ್ಲ. ಸ್ಟೇನ್‌ಲೆಸ್ ಶಾಫ್ಟ್ ಆಗಿದ್ದರೆ ಗ್ರ್ಯಾಫೈಟ್ ಪ್ಯಾಕಿಂಗ್ ಬೇಡ, ತುಕ್ಕಿಗೆ ದಾರಿ.

ಶುರು ಮಾಡುವ ಮೊದಲು ಗ್ರೀಸರ್ ತಿರುಗಿಸಿ ಟ್ಯೂಬ್ ತುಂಬಾ ಗ್ರೀಸ್ ತಳ್ಳಿ, ಬರುವ ನೀರು ಬಹಳ ಕಡಿಮೆಯಾಗುತ್ತದೆ. ಬಿಲ್ಜ್ ಪಂಪ್ ಕೆಲಸ ಮಾಡುತ್ತದೆಯಾ ಒಂದು ಬಕೆಟ್ ನೀರು ಸುರಿದು ನೋಡಿ. ಹೊಸ ರಿಂಗುಗಳನ್ನು ಶಾಫ್ಟ್ ದಪ್ಪದ ಕೋಲಿಗೆ ಸುತ್ತಿ ಮೊದಲೇ ಓರೆಯಾಗಿ ಕತ್ತರಿಸಿ ಇಟ್ಟುಕೊಳ್ಳಿ. ಹಳೆಯದನ್ನು ಕೊಕ್ಕೆಯಿಂದ ಒಂದೊಂದೇ ಎಳೆಯಿರಿ, ಎಷ್ಟು ಬಂದವು ಎಣಿಸಿ, ಅಷ್ಟೇ ಹಾಕಿ. ಒಂದರ ಸಂದು ಮೇಲಿದ್ದರೆ ಮುಂದಿನದರ ಸಂದು ಪಕ್ಕಕ್ಕೆ ಬರಲಿ, ಒಂದೇ ಸಾಲಿಗೆ ಬಂದರೆ ನೀರು ಅದೇ ದಾರಿ ಹಿಡಿಯುತ್ತದೆ. ಮೊದಲ ದಿನ ನಟ್ಟು ಬರೀ ಕೈಯಲ್ಲಿ ಬಿಗಿ ಮಾಡಿದಷ್ಟೇ ಸಾಕು, ಜಾಸ್ತಿ ಹನಿ ಬಿದ್ದರೂ ಬೀಳಲಿ. ಸ್ವಲ್ಪ ಓಡಿ ಪ್ಯಾಕಿಂಗ್ ಕೂತ ಮೇಲೆ ಒಂದೊಂದು ಮುಖ ತಿರುಗಿಸುತ್ತಾ ಹೋಗಿ.